ಕುಡಿದದ್ದು ಯಾವಾಗ

"ಅವ ಕುಡದಿದ್ದಿಲ್ರಿ ಬಾಯಾರ," ಎಂದಳು ಮರಗಮ್ಮ. "ಕುಡದದ್ದು ಆಮ್ಯಾಲ."

ವಿನೋದಾ ಕೈಯಲ್ಲಿದ್ದ ಶೇಂಗಾದ ಪೊಟ್ಟಣವನ್ನು ಅವಳ ತಳ್ಳುಗಾಡಿಯ ಅಂಚಿಗೆ ಇಟ್ಟಳು. ಮುಂಬಯಿಯ ಹೊರವಲಯದ ಶಿಳ್‌ಫಾಟಾದ ತಿರುವಿನಲ್ಲಿ ಲಾರಿಗಳು ಒಂದರ ಹಿಂದೊಂದು ಗೇರು ಬದಲಿಸುತ್ತಿದ್ದವು. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅವಳಿಗೆ ಅನುಮಾನವಾಯಿತು.

"ಇನ್ನೊಮ್ಮೆ ಹೇಳಿ ಮರಗಮ್ಮ."

"ಆ ಬಿಳಿ ಓಮ್ನಿಯಾಂವ. ಗಾಡಿ ನಿಂತ ಮ್ಯಾಲ ಇಲ್ಲಿಗಿ ಓಡಿ ಬಂದಿದ್ದ. ಈಗ ನೀವು ನಿಂತೀರಲ್ಲ, ಇಷ್ಟ ಹತ್ರ. 'ರಿಕ್ಷಾ ಮಿಲೇಗಾ ಕ್ಯಾ' ಅಂದ. ಮೈಯೆಲ್ಲಾ ನಡಗತಿತ್ತು. ಆದ್ರ ಬಾಯಾಗ ವಾಸನಿ ಇದ್ದಿದ್ದಿಲ್ಲ. ನನ್ನ ಗಂಡ ಸಾಯೂತನಕ ಕುಡದಾಂವ. ಆ ವಾಸನಿ ನನಗ ಗೊತ್ತಾಗಂಗಿಲ್ಲೇನ್ರಿ?"

೨೦೧೨ರ ಅಕ್ಟೋಬರ್ ಮೊದಲ ವಾರದ ಒಂದು ಮುಸ್ಸಂಜೆ ಇದೇ ತಿರುವಿನಲ್ಲಿ ತುರ್ಭೆ ಮಾರುಕಟ್ಟೆಯ ಹಮಾಲ ಭೀಮು ಸತ್ತಿದ್ದ. ಅವನ ಹೆಣದೆದುರು ನಿಂತಿದ್ದ ಓಮ್ನಿಯ ಚಾಲಕ ಮುರಾರಿಯ ರಕ್ತದಲ್ಲಿ ಕಾನೂನಿನ ಮಿತಿಯ ನಾಲ್ಕು ಪಟ್ಟು ಮದ್ಯ ಸಿಕ್ಕಿತ್ತು. ಅವನು ಈಗ ಕಲ್ಯಾಣದ ಜೈಲಿನಲ್ಲಿದ್ದ.

ಅವನ ಹೆಂಡತಿ ಲೋಲಾಕ್ಷಿ ಮಾತ್ರ, "ನನ್ನ ಗಂಡ ಜನ್ಮದಲ್ಲಿ ಕುಡಿದವರಲ್ಲ" ಎಂದು ಹಟ ಹಿಡಿದು ವಿನೋದಾಳ ಬಳಿ ಬಂದಿದ್ದಳು. ವಿನೋದಾ ಬಹಳ ವರ್ಷ ಥಾಣೆಯ ಅಪಘಾತ ಪರಿಹಾರದ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವಳು. ಈಗ ಡೊಂಬಿವಲಿಯಲ್ಲಿ ಕೂತು ವಕೀಲರಿಗಾಗಿ ಖಾಸಗಿ ತನಿಖೆ ಮಾಡುತ್ತಿದ್ದಳು. ಹೆಂಡತಿಯರು ಹಾಗೆ ಹೇಳುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಹಾಗಾಗಿ ನಂಬಿರಲಿಲ್ಲ.

"ಆಮೇಲೆ ಅಂದ್ರಲ್ಲ, ಅದು ಹೇಗೆ?"

ಮರಗಮ್ಮ ಬಾಣಲೆಯ ಮರಳನ್ನು ಸುಮ್ಮನೆ ಕೆದಕಿದಳು.

"ರಿಕ್ಷಾ ಸಿಗಲಿಲ್ಲ. ತಿರಗಿ ಓಡಿ ಹ್ವಾದ. ನಾ ಗಿರಾಕಿ ಸಾಗಹಾಕಿ, ಏನಾತಂತ ನೋಡಾಕ ಹ್ವಾದೆ. ಹಮಾಲ ಮಲಗಿದ್ದ. ಒಬ್ಬರು ಹಿರೇರು ಓಮ್ನಿಯಾಂವನ ಬಾಜೂಕ ಕುಂತಿದ್ರು. ಬಿಳಿ ಧೋತ್ರ, ಜರಿ ಅಂಚು. ಕೈಯಾಗ ಬಾಟ್ಲಿ. ಇವ ಒಲ್ಲೆ ಒಲ್ಲೆ ಅಂತಿದ್ದ. ಅವರು ಗದ್ದ ಹಿಡದು ಕುಡಿಸಿದ್ರು, ಕೂಸಿಗೆ ಔಷಧ ಕುಡಿಸಿದಂಗ."

"ಏನು ಹೇಳ್ತಿದ್ರು ಅವರು?"

"ಅದು ನಮ್ಮ ಮಾತಲ್ರಿ. ಹಿಂದಿನೂ ಅಲ್ಲ, ಮರಾಠಿನೂ ಅಲ್ಲ."

"'ಪರ್ಲ' ಅಂದ್ರಾ?"

ಮರಗಮ್ಮ ತಲೆ ಎತ್ತಿದಳು. "ಹಾಂ. ಅದ. ಪರ್ಲ, ಪರ್ಲ ಅಂತಿದ್ರು."

ಕುಡಿ ಎನ್ನಲು ವಿನೋದಾಳ ಮನೆಯಲ್ಲೂ ಅದೇ ಮಾತು. ತುಳು.

"ಪೊಲೀಸರಿಗೆ ಇದನ್ನು ಯಾಕೆ ಹೇಳ್ಲಿಲ್ಲ ನೀವು?"

"ಅವರು ಕೇಳಿದ್ದು, 'ಯೇ ಆದ್ಮಿ ದಾರೂ ಪಿಯಾ ಹೈ ಕ್ಯಾ' ಅಂತ. ಹೌದ್ರಿ ಅಂದೆ. ಕಣ್ಣಾರ ನೋಡಿದ್ದೆನಲ್ಲ. ಯಾವಾಗ ಕುಡದ ಅಂತ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಗಾಡಿ ಎತ್ತಿಸಿಬಿಟ್ರ ನಾ ಎಲ್ಲಿಗಿ ಹೋಗ್ಲಿ? ಆದ್ರ ಅವತ್ತಿಂದ ಅನ್ನ ಸೇರವಲ್ದರಿ."

ವಿನೋದಾ ಅವಳನ್ನು ಬಯ್ಯಲಿಲ್ಲ. ಲ್ಯಾಬಿನ ಅಂಕಿ ನೋಡಿದ ಮೇಲೆ ತಾನೂ ಆ ಪ್ರಶ್ನೆ ಕೇಳಿರಲಿಲ್ಲ. ರಕ್ತದಲ್ಲಿ ಎಷ್ಟಿತ್ತು ಎಂದು ನೋಡಿದ್ದಳು, ಯಾವಾಗ ಸೇರಿತು ಎಂದು ಯೋಚಿಸಿರಲಿಲ್ಲ. ಅಷ್ಟು ದಿನ ಒಬ್ಬ ಮನುಷ್ಯ ಒಳಗೆ ಕೂತಿದ್ದ.

ರಿಕ್ಷಾ ಹಿಡಿದು ಅವಳು ಸೀದಾ ದಿವಾಕ್ಕೆ ಹೋದಳು.

ರೈಲ್ವೆ ಗೇಟಿನಾಚೆಯ ಚಾಳಿನಲ್ಲಿ ಭೀಮುವಿನ ಹೆಂಡತಿ ದಾನಮ್ಮ ಬಾಗಿಲಲ್ಲೇ ಕೂತು ಟಿಕಲಿಗಳನ್ನು ಚೀಟಿಗೆ ಅಂಟಿಸುತ್ತಿದ್ದಳು. ಕೆಂಪು ಟಿಕಲಿ, ಮೆರೂನು ಟಿಕಲಿ. ತನ್ನ ಹಣೆ ಬರಿದು. ವಿನೋದಾಳನ್ನು ನೋಡಿ ಗೋಡೆಯ ಕಡೆ ಸರಿದು ಜಾಗ ಮಾಡಿದಳು.

"ನಿಮ್ಮವರ ಸಾಮಾನು ಪೊಲೀಸರು ಕೊಟ್ರಾ?"

"ಕೊಟ್ಟಾರ್ರಿ. ಒಂದು ಚೀಲ, ಡಬ್ಬಿ, ಚಪ್ಪಲ್ಲು ಒಂದ. ಇನ್ನೊಂದು ಸಿಗಲಿಲ್ಲಂತ."

"ಕಟ್ಟಿಗೆ ಚೀಲ?"

"ಅದು ಅವರ ಓಮ್ನಿ ಗಾಲಿ ಕೆಳಗ ಸಿಕ್ಕಿತ್ತಂತಲ್ರಿ. ತುರ್ಭೆದಾಗ ಪೆಟ್ಟಿಗಿ ಒಡದ ಕಟ್ಟಿಗಿ ಬಿದ್ದಿರತಾವ. ಒಲಿಗಿ ಆಗತೈತಂತ ಹೊತ್ತು ತರತಿದ್ರು."

ಅದು ವಿನೋದಾಳಿಗೂ ಗೊತ್ತಿತ್ತು. ಓಮ್ನಿಯ ಮುಂದಿನ ಚಕ್ರ ಆ ಗೋಣಿಚೀಲವನ್ನು ಹತ್ತಿ ನಿಂತಿತ್ತು. ಬಂಪರಿನಲ್ಲಿ ಒಂದು ತಗ್ಗೂ ಇರಲಿಲ್ಲ. ಕುಡಿದವನ ಗಾಡಿ ಎಂದ ಮೇಲೆ ಅದನ್ನು ಯಾರೂ ಮುಖ್ಯ ಮಾಡಿರಲಿಲ್ಲ.

ದಾನಮ್ಮ ಒಳಗಿನಿಂದ ಸ್ಟೀಲಿನ ಡಬ್ಬಿ ತಂದಳು. ಅದರ ಒಂದು ಮಗ್ಗುಲು ಪೂರ್ತಿ ಒಳಗೆ ಹೋಗಿತ್ತು. ಒಳಗೆ ರೊಟ್ಟಿಯ ಚೂರು ಕಪ್ಪಾಗಿ ಅಂಟಿತ್ತು.

"ತೊಳದಿಲ್ರಿ," ಎಂದಳು. "ಅವರು ಉಂಡ ಡಬ್ಬಿ."

ವಿನೋದಾ ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ತಗ್ಗಿನ ಅಂಚಿನಲ್ಲಿ ಬೆರಳಗಲದ ಬಣ್ಣ ಮೆತ್ತಿತ್ತು. ಕಡು ನೀಲಿ. ಉಗುರಿನಿಂದ ಕೆರೆದರೆ ಪುಡಿಯಾಗಿ ಬಂತು. ಓಮ್ನಿ ಬಿಳಿ.

"ದಾನಮ್ಮ, ಇದನ್ನು ಯಾರಿಗೂ ಕೊಡಬೇಡಿ. ನಾನು ವಕೀಲರನ್ನು ಕಳಿಸ್ತೇನೆ. ಅವರ ಕೈಗೆ ಮಾತ್ರ."

ದಾನಮ್ಮನಿಗೆ ಏನೋ ಅರ್ಥವಾಯಿತು. ಟಿಕಲಿಯ ಚೀಟಿಯನ್ನು ಬದಿಗಿಟ್ಟಳು.

"ಕುಡದು ಹೊಡದಾಂವಗ ಹತ್ತ ವರ್ಷದತನಕ ಆಗತೈತಂತ ಪೊಲೀಸ್ರು ಅಂದ್ರು. ಕುಡೀದ ಹೊಡದ್ರ ಎಲ್ಡಂತ. ನನಗ ಆ ಲೆಕ್ಕ ತಿಳಿಯಂಗಿಲ್ಲ ಬಾಯಾರ. ಎಷ್ಟರೆ ಆಗ್ಲಿ, ಖರೇ ಮಾಡಿದಾಂವಗ ಆಗ್ಲಿ. ಬ್ಯಾರೆದಾಂವ ಜೇಲಿನಾಗ ಕುಂತ್ರ ಆ ಪಾಪ ನನ್ನ ಬಾಗಲಿಗಿ ಬರತೈತಿ."

ಹೊರಡುವಾಗ ಮೂಲೆಯಲ್ಲಿ ಹೊಸ ಅಕ್ಕಿ ಮೂಟೆ ಕಣ್ಣಿಗೆ ಬಿತ್ತು. ವಿನೋದಾ ಕೇಳುವ ಮೊದಲೇ ದಾನಮ್ಮ ಹೇಳಿದಳು.

"ಡೊಂಬಿವಲಿ ಹೋಟೆಲ್ ಸೇಠರು ತಂದು ಹಾಕತಾರ್ರಿ. ಓಮ್ನಿಯಾಂವನ ಸಂಬಂಧಿಕರಂತ. ಹೊಸ್ತಿಲದಾಗ ಕುಂತು ಹೋಗತಾರ. ಮಾರಿ ಎತ್ತಿ ನೋಡಂಗಿಲ್ಲ. ಪಾಪ, ಭಾಳ ಒಳ್ಳೆಯವರು."

ದಿವಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ವಿನೋದಾ ಲೋಲಾಕ್ಷಿಗೆ ಫೋನು ಮಾಡಿದಳು.

"ಆ ದಿನ ನೆರೂಲಿನಲ್ಲಿ ತೊಟ್ಟಿಲು ಹಾಕುವ ಕಾರ್ಯಕ್ರಮ ಅಂದಿದ್ರಿ. ಅಲ್ಲಿಂದ ಯಾರ್ಯಾರು ಹೇಗೆ ಹೊರಟದ್ದು?"

"ಇವರು ಕೊನೆಗೆ. ಅಣ್ಣನ ಹೋಟೆಲಿನದ್ದೇ ಊಟ ಅಲ್ವಾ, ಪಾತ್ರೆ ಎಲ್ಲ ವ್ಯಾನಿಗೆ ಹಾಕಿಸ್ಲಿಕ್ಕೆ ಇತ್ತು. ನಾನೂ ಅತ್ತಿಗೆಯೂ ಟ್ರೈನಲ್ಲಿ ಬಂದೆವು."

"ನಿಮ್ಮ ಅಣ್ಣನ ಹತ್ರ ಕಾರು ಉಂಟಲ್ಲ?"

"ಅಣ್ಣ ಸ್ವಲ್ಪ ತಕೊಂಡಿದ್ರು. ಮಧ್ಯಾಹ್ನದಿಂದಲೇ. ಅತ್ತಿಗೆ ಸಿಟ್ಟು ಮಾಡಿ ಕಾರು ಹತ್ಲಿಲ್ಲ. ನಾನು ಅವರೊಟ್ಟಿಗೆ ಬಂದೆ. ಅಣ್ಣ ಇವರಿಗಿಂತ ಸ್ವಲ್ಪ ಮೊದಲು ಒಬ್ರೇ ಹೊರಟ್ರು."

"ಯಾರೂ ಕೀ ತೆಗೆದಿಡ್ಲಿಲ್ವಾ?"

"ಅಣ್ಣನ ಕೈಯಿಂದ ಕೀ ಯಾರು ತೆಗೀತಾರೆ ವಿನೋದಕ್ಕ? ಎಲ್ರಿಗೂ ಅನ್ನ ಕೊಟ್ಟವರು." ಅವಳ ಸ್ವರ ಕೆಳಗಿಳಿಯಿತು. "ಯಾಕೆ ಕೇಳ್ತೀರಿ?"

"ಅವರು ಏನು ಉಟ್ಟಿದ್ರು ಆ ದಿನ?"

ಲೋಕಲ್ ಬಂತು, ನಿಂತಿತು, ಜನರನ್ನು ಉಗುಳಿ ಜನರನ್ನು ನುಂಗಿ ಹೊರಟಿತು. ಅಷ್ಟು ಹೊತ್ತೂ ಲೋಲಾಕ್ಷಿ ಫೋನು ಹಿಡಿದೇ ಇದ್ದಳು.

"ಜರಿ ಪಂಚೆ," ಎಂದಳು ಕೊನೆಗೆ. "ವಿನೋದಕ್ಕ, ನನಗೆ ಅರ್ಧ ಹೇಳ್ಬೇಡಿ. ಹೇಳುವುದಾದ್ರೆ ಪೂರ್ತಿ ಗೊತ್ತಾದ ಮೇಲೆ ಹೇಳಿ."

ಲೋಲಾಕ್ಷಿಯ ಅಣ್ಣ ಪ್ರೇಮನಾಥನ ಹೋಟೆಲು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ವಿನೋದಾ ಮುಂದಿನ ಬಾಗಿಲಿಗೆ ಹೋಗಲಿಲ್ಲ. ಹಿಂದಿನ ಗಲ್ಲಿಯಲ್ಲಿ ಗ್ಯಾಸಿನ ಸಿಲಿಂಡರುಗಳ ಪಕ್ಕ ಕಾರು ಬಟ್ಟೆ ಹೊದ್ದು ನಿಂತಿತ್ತು. ಬಟ್ಟೆಯ ಮೇಲೆ ಎಲೆಗಳು ಬಿದ್ದು ಒಣಗಿದ್ದವು. ಬಹಳ ದಿನದಿಂದ ಹೊರಗೆ ತೆಗೆದಿರಲಿಲ್ಲ.

ಮುಂದಿನ ತುದಿಯನ್ನು ಎತ್ತಿ ನೋಡಿದಳು. ಕಡು ನೀಲಿ. ಬಲಗಡೆಯ ಹೆಡ್‌ಲೈಟಿನ ಗಾಜು ವರ್ಷಗಟ್ಟಲೆ ಬಿಸಿಲು ತಿಂದು ಹಳದಿಗಟ್ಟಿತ್ತು. ಎಡಗಡೆಯದು ಹೊಸದು, ನೀರಿನ ಹಾಗೆ ತಿಳಿಯಾಗಿತ್ತು. ಅದರ ಕೆಳಗಿನ ತಗಡಿಗೆ ಹೊಸ ಬಣ್ಣ ಹೊಡೆದಿದ್ದರು. ಬಣ್ಣ ಒಂದೇ, ಹೊಳಪು ಬೇರೆ.

ರಸ್ತೆಯ ಎಡ ಅಂಚಿನಲ್ಲಿ ನಡೆಯುವವನಿಗೆ ತಾಗುವುದು ಎಡಗಡೆಯೇ.

ಊಟದ ಹೊತ್ತು ಮುಗಿದು ಚಹಾದ ಹೊತ್ತು ಇನ್ನೂ ಆಗಿರಲಿಲ್ಲ. ಹೋಟೆಲು ಖಾಲಿ. ಮೇಜುಗಳ ಮೇಲೆ ಒದ್ದೆ ಬಟ್ಟೆಯ ಗೆರೆಗಳು ಆರುತ್ತಿದ್ದವು. ಗಲ್ಲಾದ ಹಿಂದೆ ಪ್ರೇಮನಾಥ ಕೂತಿದ್ದ. ಅರವತ್ತರ ಹತ್ತಿರದ, ಎತ್ತರದ ಮನುಷ್ಯ. ಡೊಂಬಿವಲಿಯ ಕನ್ನಡ ಸಂಘದವರಿಗೂ ಊರಿನಿಂದ ಕೆಲಸ ಹುಡುಕಿ ಬಂದವರಿಗೂ ಅವನೇ ದೊಡ್ಡಣ್ಣ. ಈಗ ಅವನ ಶರಟಿನ ಕಾಲರು ಕುತ್ತಿಗೆಗಿಂತ ದೊಡ್ಡದಾಗಿ ಕಾಣುತ್ತಿತ್ತು.

"ಬನ್ನಿ ವಿನೋದಕ್ಕ. ಚಾ ಹೇಳ್ತೇನೆ."

"ಬೇಡ ಪ್ರೇಮಣ್ಣ. ಕೂತು ಮಾತಾಡುವ."

ಅವನು ಗಲ್ಲಾದಿಂದ ಇಳಿದು ಅವಳೆದುರಿನ ಕುರ್ಚಿಗೆ ಬಂದ. ಕೂರುವಾಗ ಮೇಜಿನ ಅಂಚು ಹಿಡಿದುಕೊಂಡ.

"ಹೆಡ್‌ಲೈಟು ಯಾವಾಗ ಹಾಕಿಸಿದ್ದು?"

ಅವನ ಕಣ್ಣು ಹಿಂದಿನ ಗಲ್ಲಿಯ ಕಡೆ ಹೋಯಿತು.

"ಭೀಮುವಿನ ಡಬ್ಬಿ ದಾನಮ್ಮ ತೊಳೆದಿಲ್ಲ," ಎಂದಳು ವಿನೋದಾ. "ನಿಮ್ಮ ಕಾರಿನ ಬಣ್ಣ ಅದರಲ್ಲಿ ಉಂಟು. ನೀವು ಮುರಾರಿಗೆ ಬಾಟ್ಲಿ ಕುಡಿಸಿದ್ದನ್ನು ನೋಡಿದವರೂ ಇದ್ದಾರೆ."

ಪ್ರೇಮನಾಥ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ ಅವುಗಳನ್ನೇ ನೋಡಿದ. ಸುಳ್ಳು ಹೇಳುತ್ತಾನೆಂದು ವಿನೋದಾ ಕಾದಿದ್ದಳು. ಅವನು ಒಂದು ಉಸಿರು ಬಿಟ್ಟ, ತಲೆಯ ಮೇಲಿನ ಮೂಟೆ ಇಳಿಸಿದವರು ಬಿಡುವ ಹಾಗೆ.

"ನೀವು ಬರಬೇಕು ಅಂತಲೇ ಇತ್ತು ನನಗೆ," ಎಂದ. "ಯಾರಾದ್ರೂ ಬರಬೇಕು ಅಂತ."

"ನೀವೇ ಹೋಗಬಹುದಿತ್ತು."

"ಹೋಗಿದ್ದೆ. ಎರಡು ಸಲ. ಪೊಲೀಸ್ ಠಾಣೆಯ ಗೇಟಿನ ತನಕ."

"ನೀವು ಗುದ್ದಿ ನಿಲ್ಲಿಸಲಿಲ್ಲ ಯಾಕೆ?"

"ಹೇಳಿದ್ರೆ ನಿಮಗೆ ಅಸಹ್ಯ ಆಗ್ತದೆ." ಅವನು ಬಾಯಿ ಒರೆಸಿಕೊಂಡ. "ಹೋದ ವರ್ಷ ವಾಶಿಯಲ್ಲಿ ನಾಕಾಬಂದಿಗೆ ಸಿಕ್ಕಿಬಿದ್ದಿದ್ದೆ. ಮಷಿನ್ ಬಾಯಿಗೆ ಇಟ್ರು, ಊದಿದೆ. ಕೋರ್ಟಿನಲ್ಲಿ ಎರಡು ಸಾವಿರ ದಂಡ ಕಟ್ಟಿಸಿ, ಲೈಸೆನ್ಸ್ ಆರು ತಿಂಗಳು ಸಸ್ಪೆಂಡ್ ಮಾಡಿದ್ರು. ಜಡ್ಜ್ ಅವತ್ತು ಹೇಳಿದ್ರು, ಮೂರು ವರ್ಷದೊಳಗೆ ಇನ್ನೊಮ್ಮೆ ಬಂದ್ರೆ ಎರಡು ವರ್ಷದ ತನಕ ಜೈಲು, ನೆನಪಿಡಿ ಅಂತ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಂಘದ ಅಧ್ಯಕ್ಷ ನಾನು. ವ್ಯಸನಮುಕ್ತಿ ಶಿಬಿರ ಉದ್ಘಾಟನೆ ಮಾಡಿದವನು."

"ಆದ್ರೂ ಕುಡಿದು ಕಾರು ತೆಗೆದ್ರಿ."

"ತೆಗೆದೆ. ಅಭ್ಯಾಸ. ಏನೂ ಆಗುದಿಲ್ಲ ಅಂತ ಪ್ರತಿ ಸಲ ಅನಿಸ್ತದೆ, ಯಾಕಂದ್ರೆ ಪ್ರತಿ ಸಲ ಏನೂ ಆಗಿರುದಿಲ್ಲ. ಆ ದಿನ ಧಡ್ ಅಂತ ಸದ್ದಾಯ್ತು. ಏನೋ ಬದಿಗೆ ಬಿತ್ತು. ಮೊದಲು ತಲೆಗೆ ಬಂದದ್ದು ಆ ಜಡ್ಜ್ ಮಾತು ವಿನೋದಕ್ಕ. ಬಿದ್ದವನು ಮನುಷ್ಯ ಅನ್ನುವುದು ಆಮೇಲೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಾಗ. ಮುಂದೆ ಹೋಗಿ ಪೈಪ್‌ಲೈನಿನ ಹತ್ತಿರ ಕಾರು ಮರೆ ಮಾಡಿ ನಿಂತೆ. ಇರ್ಲಿಕ್ಕಾಗಲಿಲ್ಲ. ನಡೆದು ವಾಪಸ್ ಬಂದೆ."

"ಮುರಾರಿ ಅಷ್ಟರಲ್ಲಿ ಬಂದು ಆಗಿತ್ತು."

"ಅವನಿಗೂ ಅದೇ ದಾರಿ ಅಲ್ವಾ. ಚಕ್ರ ಏನೋ ಹತ್ತಿತು ಅಂತ ಬ್ರೇಕ್ ಹಾಕಿದ್ದಾನೆ. ಇಳಿದು ನೋಡಿದ್ರೆ ಎದುರಿಗೆ ಮನುಷ್ಯ. 'ಬಾವಾ, ನಾನು ಕೊಂದೆ, ನಾನು ಕೊಂದೆ' ಅಂತ ತಲೆ ಚಚ್ಚಿಕೊಳ್ತಿದ್ದ."

"ಭೀಮು?"

"ನಾನು ಹೋಗುವಾಗ ಸತ್ತಾಗಿತ್ತು."

ಅದನ್ನು ಅವನು ಗಲ್ಲಾದ ಕಡೆ ನೋಡುತ್ತ ಹೇಳಿದ.

"ಬಾಟ್ಲಿ ಯಾಕೆ ಕುಡಿಸಿದ್ರಿ?"

"ನಡುಗ್ತಿದ್ದ. ನನ್ನ ಚೀಲದಲ್ಲಿ ಅರ್ಧ ಬ್ರಾಂಡಿ ಇತ್ತು. ನಡುಕ ನಿಲ್ಲಲಿ ಅಂತ ಕೊಟ್ಟೆ. ದೇವರಾಣೆ, ಆ ಹೊತ್ತಿಗೆ ಅಷ್ಟೇ."

"ಪೊಲೀಸರು ಬರುವಾಗ?"

"ನಾನು ಹೊರಟು ಹೋಗಿದ್ದೆ."

"ಮುರಾರಿ ಕುಡಿದಿದ್ದಾನೆ ಅಂತ ರಿಪೋರ್ಟ್ ಬಂದ ಮೇಲೆ?"

ಪ್ರೇಮನಾಥ ಮೇಜಿನ ಮೇಲಿನ ಒದ್ದೆ ಗೆರೆಯನ್ನು ಬೆರಳಿನಿಂದ ಒರೆಸಿದ.

"ಕುಡಿಯದೆ, ಗಾಡಿ ನಿಲ್ಲಿಸಿ, ಸಹಾಯ ಮಾಡಿದವನ ಮೇಲೆ ಯಾವ ಕೇಸು ಹಾಕ್ತಾರೆ ಗೊತ್ತಾ ನಿಮಗೆ?"

"ವಕೀಲ ಧರ್ಮಪಾಲ ಹೇಳಿದ್ರು. ಅಜಾಗರೂಕತೆ. ಹೆಚ್ಚೆಂದ್ರೆ ಎರಡು ವರ್ಷ."

"ಅದೇ ದಿನ ಠಾಣೆಯಲ್ಲೇ ಜಾಮೀನು. ಕುಡಿದು ಕೊಂದವನಿಗೆ?"

"ಹತ್ತರ ತನಕ. ಜಾಮೀನು ಸಿಗುದಿಲ್ಲ."

"ಎರಡನ್ನು ಹತ್ತು ಮಾಡಿದ್ದು ನಿಮ್ಮ ಬಾಟ್ಲಿ ಪ್ರೇಮಣ್ಣ. ಅದು ಗೊತ್ತಾದ ಮೇಲೂ ನೀವು ಅವನ ಹೆಂಡತಿಯೆದುರು ಕೂತು ಉಂಡಿದ್ದೀರಿ. ಒಡಹುಟ್ಟಿದ ತಂಗಿ ಅವಳು."

ಅವನ ಮುಖ ಒಮ್ಮೆ ಸೆಟೆದುಕೊಂಡಿತು, ಆಮೇಲೆ ಪೂರ್ತಿ ಜೋತುಬಿತ್ತು.

"ಉಣ್ಣುದಿಲ್ಲ ನಾನು," ಎಂದ. "ಬಡಿಸಿಕೊಳ್ತೇನೆ ಅಷ್ಟೇ. ಆ ದಿನದಿಂದ ಒಂದು ಹನಿ ಮುಟ್ಟಲಿಲ್ಲ. ದಿವಾಕ್ಕೆ ಹೋಗಿ ಆ ಹೆಂಗಸಿನ ಬಾಗಿಲಲ್ಲಿ ಕೂತು ಬರ್ತೇನೆ. ಅವಳು ನನಗೆ ನೀರು ಕೊಡ್ತಾಳೆ ವಿನೋದಕ್ಕ. ತಂಬಿಗೆ ತೊಳೆದು ನೀರು ಕೊಡ್ತಾಳೆ. ಅದಕ್ಕಿಂತ ಚಪ್ಪಲಿಯಲ್ಲಿ ಹೊಡೆದ್ರೆ ಒಳ್ಳೆದಿತ್ತು."

ಅಡುಗೆಮನೆಯಲ್ಲಿ ಯಾರೋ ಕುಕ್ಕರಿನ ಮುಚ್ಚಳ ಬೀಳಿಸಿದರು. ಅವನು ಬೆಚ್ಚಿಬಿದ್ದ.

"ಈಗ ನಾನು ಹೋಗ್ತೇನೆ ಅಂತ ಇಟ್ಕೊಳ್ಳಿ. ನನ್ನ ರಕ್ತ ತೆಗೆದ್ರೆ ಏನು ಸಿಗ್ತದೆ? ನೀರು. ಆ ದಿನವೇ ತೆಗೀಬೇಕಿತ್ತು. ಕುಡಿಯದವನ ರಕ್ತದಲ್ಲಿ ಸಿಕ್ಕಿತು, ಕುಡಿದವನ ರಕ್ತದಲ್ಲಿ ಇಲ್ಲ. ಕೋರ್ಟಿಗೆ ಹೋದ್ರೂ ನನಗೆ ಆಗುದು ಅದೇ ಎರಡು ವರ್ಷ. ನಾನು ಮಾಡಿದ್ದಕ್ಕೆ ಸರಿಯಾದ ಶಿಕ್ಷೆ ನನಗೆ ಸಿಗುದೇ ಇಲ್ಲ."

ವಿನೋದಾಳಿಗೂ ಆ ಮಾತು ನಿಜವೆನಿಸಿತು. ಗುದ್ದಿ ಓಡಿದ್ದು, ಸಾಕ್ಷ್ಯ ಮುಚ್ಚಿದ್ದು ಎಂದು ಬೇರೆ ಕಲಮುಗಳು ಸೇರಬಹುದು. ಕುಡಿದಿದ್ದ ಎಂಬುದನ್ನು ಹೇಳಲು ನೆರೂಲಿನ ನೆಂಟರು ಬೇಕು. ಕೀ ತೆಗೆದಿಡಲು ಬಾರದವರು ಕೋರ್ಟಿನ ಕಟಕಟೆ ಹತ್ತುತ್ತಾರೆಯೇ?

"ಶಿಕ್ಷೆ ಎಷ್ಟು ಅಂತ ಕೋರ್ಟು ನೋಡ್ತದೆ," ಎಂದಳು. "ಮೊದಲು ಮುರಾರಿ ಹೊರಗೆ ಬರಬೇಕು."

"ನಾಳೆ ಮಧ್ಯಾಹ್ನ ಧರ್ಮಪಾಲರ ಒಟ್ಟಿಗೆ ಠಾಣೆಗೆ ಹೋಗ್ತೇನೆ. ನನ್ನ ಬಾಯಿಂದಲೇ ಹೇಳ್ತೇನೆ. ಇವತ್ತೊಂದು ದಿನ ಬಿಡಿ. ಲೋಲಾಕ್ಷಿಗೆ ಬೇರೆಯವರು ಹೇಳುದು ಬೇಡ. ನಾನೇ ಹೇಳಬೇಕು."

ಅವನು ಕೈ ಮುಗಿಯಲಿಲ್ಲ, ಅಳಲಿಲ್ಲ. ಹಾಗೆ ಮಾಡಿದ್ದರೆ ವಿನೋದಾ ಒಪ್ಪುತ್ತಿರಲಿಲ್ಲವೇನೋ. ಕಾರಿನ ಕೀಯನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ.

"ಇದು ನಿಮ್ಮ ಹತ್ತಿರ ಇರಲಿ," ಎಂದ.

ವಿನೋದಾ ಕೀ ತೆಗೆದುಕೊಂಡಳು. ಒಂದು ದಿನ ಕೊಟ್ಟಳು.

ಮರುದಿನ ಬೆಳಿಗ್ಗೆ ಕಲ್ಯಾಣದ ಜೈಲಿನಲ್ಲಿ ವಕೀಲ ಧರ್ಮಪಾಲ ಮುರಾರಿಯ ಭೇಟಿಗೆ ವ್ಯವಸ್ಥೆ ಮಾಡಿದ್ದ. ಡಬ್ಬಿಯನ್ನು ಸಾಕ್ಷ್ಯವಾಗಿ ಒಪ್ಪಿಸುವ ಅರ್ಜಿ ಹಿಡಿದು ಅವನು ಕೋರ್ಟಿಗೆ ಹೋದ. ವಿನೋದಾ ಒಬ್ಬಳೇ ಒಳಗೆ ಬಂದಳು.

ಜಾಳಿಗೆಯಾಚೆ ಮುರಾರಿ ಬಂದು ನಿಂತ. ತೆಳ್ಳಗಿನ ಮನುಷ್ಯ, ಇನ್ನೂ ತೆಳ್ಳಗಾಗಿದ್ದ. ಅಕ್ಕಪಕ್ಕದಲ್ಲಿ ಹತ್ತು ಜನ ಕೂಗಿ ಕೂಗಿ ಮಾತಾಡುತ್ತಿದ್ದರು. ಅವನು ಮಾತ್ರ ಯಾವತ್ತಿನಂತೆ ಮೆಲ್ಲಗೆ.

"ವಕೀಲರಿಗೆ ಹೇಳಿ ವಿನೋದಕ್ಕ, ಜಾಮೀನು ಗೀಮೀನು ಬೇಡ. ತಪ್ಪು ಒಪ್ಪಿಕೊಳ್ತೇನೆ. ಕೊಟ್ಟಷ್ಟು ಕೊಡ್ಲಿ."

"ನೀವು ಕುಡಿದದ್ದು ಯಾವಾಗ?"

ಅವನ ಕಣ್ಣು ಕದಲಿತು.

"ಕುಡಿದೆ ಅಲ್ವಾ. ಯಾವಾಗ ಆದ್ರೇನು."

"ಬಾವನ ಹೆಸರು ಬರಬಾರದು ಅಂತ ಸುಮ್ಮನಿದ್ದೀರಿ. ನನಗೆ ಗೊತ್ತು. ಅವರು ನಿನ್ನೆ ಒಪ್ಪಿಕೊಂಡ್ರು." ವಿನೋದಾ ಜಾಳಿಗೆಗೆ ಹತ್ತಿರ ಬಂದಳು. "ಮುರಾರಿ, ನಿಮ್ಮ ವ್ಯಾನು ಆ ಮನುಷ್ಯನನ್ನು ಮುಟ್ಟಲೇ ಇಲ್ಲ."

"ಚಕ್ರ ಹತ್ತಿದ್ದು ನನಗೆ ಗೊತ್ತಾಯ್ತು."

"ಅದು ಕಟ್ಟಿಗೆಯ ಗೋಣಿಚೀಲ. ನಿಮಗಿಂತ ಮೊದಲು ಬಾವನ ಕಾರು ಅವನಿಗೆ ಗುದ್ದಿ ಹೋಗಿತ್ತು."

ಮುರಾರಿ ಎರಡು ಕೈಯಿಂದಲೂ ಜಾಳಿಗೆ ಹಿಡಿದುಕೊಂಡ. ಹಣೆಯನ್ನು ತಂತಿಗೆ ಒತ್ತಿ ನಿಂತ. ಅವನ ಭುಜಗಳು ಅದುರುತ್ತಿದ್ದವು. ಪಕ್ಕದವನು ತನ್ನ ಮಾತು ನಿಲ್ಲಿಸಿ ಇವನನ್ನು ನೋಡಿದ.

"ಕಣ್ಣು ಮುಚ್ಚಿದ್ರೆ ಚಕ್ರ ಹತ್ತುದೇ ಕಾಣ್ತಿತ್ತು," ಎಂದ ಬಹಳ ಹೊತ್ತಿನ ಮೇಲೆ. "ನನ್ನ ಚಕ್ರ ಅಲ್ಲ ಅಲ್ವಾ ಅದು? ಖಂಡಿತಾ?"

"ಖಂಡಿತ. ಅವನ ಮೈಮೇಲೆ ಚಕ್ರದ ಗುರುತೇ ಇಲ್ಲ. ಸೊಂಟದ ಎಲುಬು ಮುರಿದಿತ್ತು, ಅದು ಕಾರಿನ ಪೆಟ್ಟು. ಜೀವ ಹೋದದ್ದು ತಲೆಯ ಹಿಂದೆ ಬಿದ್ದ ಏಟಿನಿಂದ. ಡಾಕ್ಟರು ಹಾಗೆ ಬರೆದಿದ್ದಾರೆ."

ಮುರಾರಿ ಹಣೆ ಎತ್ತಿದ. ತಂತಿಯ ಗೆರೆಗಳು ಚೌಕ ಚೌಕವಾಗಿ ಮೂಡಿದ್ದವು.

"ತಲೆಗಾ?"

"ಹೌದು. ಬುರುಡೆ ಒಡೆದಿತ್ತು."

"ಇಲ್ಲ ವಿನೋದಕ್ಕ." ಅವನು ನಿಧಾನವಾಗಿ ತಲೆಯಾಡಿಸಿದ. "ತಲೆಗೆ ಏನೂ ಆಗಿರ್ಲಿಲ್ಲ. ನಾನು ಇಳಿಯುವಾಗ ಅವನು ಎದ್ದು ಕೂತಿದ್ದ. ರಸ್ತೆ ಬದಿಯ ಕಲ್ಲಿಗೆ ಒರಗಿ, ಸೊಂಟ ಹಿಡ್ಕೊಂಡು. 'ಅಣ್ಣಾ, ನೀರು' ಅಂದ. ಕನ್ನಡದವನು ಅಂತ ನನಗೆ ಅಷ್ಟರಲ್ಲೇ ಗೊತ್ತಾದದ್ದು. ಅವನ ಟೋಪಿ ತೆಗೆದು ತಲೆ ಮುಟ್ಟಿ ನೋಡಿದೆ. ಒಂದು ಗೀರು ಇರ್ಲಿಲ್ಲ."

"ನಿಮ್ಮ ಬಾವ ಬರುವಾಗ ಅವನು ಸತ್ತಾಗಿತ್ತು ಅಂತ ಅವರು ಹೇಳಿದ್ರಲ್ಲ."

"ಬಾವ ಬರುವಾಗ ಮಾತಾಡ್ತಿದ್ದ. ಬಾವನನ್ನು ನೋಡಿ ಕೈ ಎತ್ತಿ ತೋರಿಸಿದ. 'ಇವರ, ಇವರ' ಅಂದ. ನನಗೆ ಅರ್ಥ ಆಗಲಿಲ್ಲ. ಸಹಾಯಕ್ಕೆ ಕರೀತಾನೆ ಅಂತ ತಿಳಿದೆ."

"ಆಮೇಲೆ?"

"ರಿಕ್ಷಾ ಹುಡುಕಲಿಕ್ಕೆ ಬಾವನೇ ಹೇಳಿದ್ದು. 'ನೀನು ಓಡು, ಇವನನ್ನು ನಾನು ನೋಡ್ಕೊಳ್ತೇನೆ' ಅಂದ್ರು." ಮುರಾರಿಯ ಬೆರಳುಗಳು ಜಾಳಿಗೆಯಲ್ಲಿ ಬಿಳುಚಿಕೊಂಡಿದ್ದವು. "ನಾನು ತಿರುಗಿ ಬರುವಾಗ ಮಲಗಿದ್ದ. ಮುಖದ ಮೇಲೆ ಬಾವನ ಶಾಲು ಹೊದೆಸಿತ್ತು. ಒಳಗೆ ಏನೋ ಒಡೆದು ಹೋಗಿರಬೇಕು ಅಂತ ತಿಳಿದೆ. ಶಾಲು ಎತ್ತಲಿಕ್ಕೆ ಹೋದೆ. 'ನೋಡ್ಬೇಡ, ಮೊದಲು ಇದನ್ನು ಕುಡಿ' ಅಂತ ಬಾವ ಕೈ ಹಿಡಿದ್ರು."

ಹೊತ್ತು ಮುಗಿಯಿತೆಂದು ಪೇದೆ ಕೂಗಿದ. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಸರಿದರು. ವಿನೋದಾ ಅಲ್ಲಿಂದ ಅಲುಗಲಿಲ್ಲ. ಮುರಾರಿ ರಿಕ್ಷಾ ಹುಡುಕುತ್ತಿದ್ದ ಅಷ್ಟು ಹೊತ್ತು ಭೀಮುವಿನ ಬಳಿ ಇದ್ದದ್ದು ಪ್ರೇಮನಾಥ ಒಬ್ಬನೇ. ಆ ಮನುಷ್ಯನ ಪಶ್ಚಾತ್ತಾಪವನ್ನು ನಂಬಿ ಅವನಿಗೆ ಒಂದು ರಾತ್ರಿಯನ್ನು ಕೊಟ್ಟವಳು ಅವಳೇ. ಆ ರಾತ್ರಿ ಲೋಲಾಕ್ಷಿ ಅಣ್ಣ ಹೇಳುವುದನ್ನು ಕೇಳಲು ಅವನ ಮನೆಗೆ ಹೋಗಿದ್ದಳು.